ಪಾರಿಜಾತ ಮೇಳದ ಮುಂದಿನ ಹಂಗಾಮು ಹೊಂದಿಸುವ ಬಗೆ

ಉತ್ತರ ಕರ್ನಾಟಕದ ಬಯಲಾಟ ಶ್ರೀಕೃಷ್ಣ ಪಾರಿಜಾತವನ್ನು ಆಡುವ ಮೇಳ ಆಟ ಸಿಗದೆ ಸೋಲುವುದು ಕಡಿಮೆ. ಕರೆದವರಿಗೆಲ್ಲ ಹೂಂ ಅಂದು ಸೋಲುವುದೇ ಹೆಚ್ಚು. ಬನದ ಹುಣ್ಣಿಮೆಯ (ಪುಷ್ಯ) ವಾರದಲ್ಲಿ ನಾಲ್ಕು ಊರಿನ ವೀಳ್ಯ ಹಿಡಿದು ಆಟ ಒಪ್ಪಿದರೆ ಮೂರನೆಯ ರಾತ್ರಿಗೆ ಸತ್ಯಭಾಮೆಯ ಪಾತ್ರದವರ ದನಿ ಒಡೆಯುತ್ತದೆ, ನಾಲ್ಕನೆಯ ಊರಿನವರು ಮುಂದಿನ ವರ್ಷ ಕರೆಯುವುದಿಲ್ಲ. ಶ್ರೀಕೃಷ್ಣ ಪಾರಿಜಾತ ಹಾಡಿನ ಮೇಲೆ ನಿಂತ ಆಟ. ಆಟ ನಡೆಸುವ ಭಾಗವತನ ಮಾತು, ದೂತಿಯ ಚೇಷ್ಟೆ ಎಷ್ಟೇ ಇದ್ದರೂ ಜನ ಬಂದು ಕೂಡುವುದು ಪದ ಕೇಳಲಿಕ್ಕೆ. ಹಾಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ತಿರುಗುವ ಮೇಳ ಹಂಗಾಮಿನ ಡೈರಿ ಬರೆಯುವಾಗ ಮೊದಲು ಗಂಟಲಿನ ಲೆಕ್ಕ ಹಾಕಬೇಕು. ತಾರೀಖು, ದಾರಿ, ರೊಕ್ಕ ಎಲ್ಲ ಅದರ ಹಿಂದೆ.

ಲೆಕ್ಕ ಹೀಗೆ: ಪೂರ್ತಿ ಆಟವಾದರೆ ಒಬ್ಬ ಸತ್ಯಭಾಮೆಗೆ ಸಾಲಾಗಿ ಎರಡು ರಾತ್ರಿ, ಮೂರನೆಯ ರಾತ್ರಿ ಕಡ್ಡಾಯ ರಜೆ. ಎರಡೂವರೆ ತಾಸಿನ ಆಟವಾದರೆ ಸಾಲಾಗಿ ಮೂರು. ಇದಕ್ಕಿಂತ ಹೆಚ್ಚು ಬೇಕೆಂದರೆ ಇಬ್ಬರು ಸತ್ಯಭಾಮೆಯರನ್ನು ತಯಾರು ಮಾಡಿ. ಒಂದೇ ಆಟವನ್ನು ಇಬ್ಬರಿಗೆ ಅರ್ಧರ್ಧ ಹಂಚುವುದಾದರೆ ಸತ್ಯಭಾಮೆ ಒಳಗೆ ಹೋಗಿ ನಾರದ-ರುಕ್ಮಿಣಿಯರ ಭಾಗ ನಡೆಯುವಾಗ ಬದಲಿಸಿ. ಆ ಹೊತ್ತಿನಲ್ಲಿ ಒಡವೆ, ಡಾಬು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಕಾಲಾವಕಾಶ ಇರುತ್ತದೆ. ಇಬ್ಬರ ಶ್ರುತಿಯೂ ಒಂದೇ ಇರಬೇಕು, ಇಲ್ಲದಿದ್ದರೆ ಪೇಟಿ (ಹಾರ್ಮೋನಿಯಂ) ಮಾಸ್ತರ ಮತ್ತು ತಬಲಾದವ ಅರ್ಧ ರಾತ್ರಿಯಲ್ಲಿ ಮತ್ತೆ ಮೊದಲಿನಿಂದ ಹೊಂದಿಸುತ್ತ ಕೂಡಬೇಕಾಗುತ್ತದೆ.

ತಾರೀಖು ಹಿಡಿಯುವುದು

ಹೋದ ವರ್ಷದ ಡೈರಿ ನೋಡಿ ಈ ವರ್ಷದ್ದನ್ನು ಬರೆಯಬೇಡಿ. 2026ರಲ್ಲಿ ಅಧಿಕ ಜ್ಯೇಷ್ಠ ಬಿದ್ದಿದೆ, ಅದರಿಂದಾಚೆಯ ತಿಥಿಯ ಹಬ್ಬಗಳೆಲ್ಲ ಹಿಂದಿನ ವರ್ಷಕ್ಕಿಂತ ಎರಡು-ಮೂರು ವಾರ ತಡವಾಗಿ ಬರುತ್ತವೆ. ಸಂಕ್ರಾಂತಿ ಮಾತ್ರ ಸೂರ್ಯನ ಲೆಕ್ಕದ್ದು, ಅದು ಕದಲುವುದಿಲ್ಲ. ಎಡವಟ್ಟು ಆಗುವುದು ಇಲ್ಲಿಯೇ. 2026ರಲ್ಲಿ ಬನದ ಹುಣ್ಣಿಮೆ ಜನವರಿ 3ಕ್ಕೇ ಬಂದು ಬಾದಾಮಿ ಬನಶಂಕರಿಯ ತೇರು ಮೊದಲು ಎಳೆಯಿತು, ವಿಜಯಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ, ಆಮೇಲೆ ಬಂತು. 2027ರಲ್ಲಿ ಬನದ ಹುಣ್ಣಿಮೆ ಜನವರಿ 22ಕ್ಕೆ. ಅಂದರೆ ವಿಜಯಪುರ ಮೊದಲು, ಬನಶಂಕರಿ ಆಮೇಲೆ, ನಡುವೆ ಒಂದು ವಾರ. ಹಳೆಯ ಕ್ರಮದಲ್ಲೇ ಊರುಗಳನ್ನು ಜೋಡಿಸಿದರೆ ಮೇಳ ಬಾದಾಮಿ ಕಡೆ ಇರಬೇಕಾದ ದಿನ ವಿಜಯಪುರ ಜಿಲ್ಲೆಯ ಇಂಡಿ ಕಡೆ ಇರುತ್ತದೆ.

ಹುಣ್ಣಿಮೆಯ ಹಗ್ಗ ಹಿಡಿದೇ ಹಂಗಾಮನ್ನು ಕಟ್ಟಿ. ಗೌರಿ ಹುಣ್ಣಿಮೆಗೆ (ಕಾರ್ತಿಕ) ತಾಲೀಮು ಮುಗಿದು ಮೊದಲ ಆಟ, ಹೊಸ್ತಿಲ ಹುಣ್ಣಿಮೆಯ (ಮಾರ್ಗಶಿರ) ಹೊತ್ತಿಗೆ ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆಯ ಸುತ್ತಿನ ಊರುಗಳು, ಬನದ ಹುಣ್ಣಿಮೆಗೆ ಬಾದಾಮಿ ಸುತ್ತ, ಭಾರತ ಹುಣ್ಣಿಮೆಗೆ (ಮಾಘ) ಸವದತ್ತಿ ಎಲ್ಲಮ್ಮ ಮತ್ತು ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ದಿಕ್ಕು. ಗಮನಿಸಿ, "ಸುತ್ತಿನ ಊರು" ಎಂದಿದ್ದೇವೆ, ಜಾತ್ರೆಯ ಬಯಲು ಎಂದಿಲ್ಲ. ಬನಶಂಕರಿಯ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕಿರುತ್ತವೆ, ಒಂದೊಂದರದೂ ಮೈಕು ಬೇರೆ, ಜೊತೆಗೆ ತೊಟ್ಟಿಲು, ಸರ್ಕಸ್ಸು. ಆ ಗದ್ದಲದಲ್ಲಿ ಪಾರಿಜಾತದ ಆಲಾಪ ಯಾರಿಗೂ ಕೇಳುವುದಿಲ್ಲ. ಜಾತ್ರೆಗೆ ಬೀಗರು ಬಂದು ಉಳಿದಿರುವ ಐದು-ಹತ್ತು ಕಿಲೋಮೀಟರಿನ ಹಳ್ಳಿಯ ಗುಡಿಕಟ್ಟೆಯೇ ಪಾರಿಜಾತಕ್ಕೆ ತಕ್ಕ ಜಾಗ.

ಬಿಡಬೇಕಾದ ದಿನಗಳೂ ಇವೆ. ಎಳ್ಳ ಅಮಾವಾಸ್ಯೆಯ ದಿನ ಊರೆಲ್ಲ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಹೊಲದಲ್ಲಿರುತ್ತದೆ, ಸಂಜೆ ದಣಿದು ಬರುತ್ತದೆ. ಅಂದು ಆಟ ಬೇಡ, ಮರುದಿನ ಇಡಿ. ಫೆಬ್ರುವರಿ ಕೊನೆಯಿಂದ ಹಿಂಗಾರಿ ಜೋಳದ ಸುಗ್ಗಿ. ಮಾರ್ಚಿನಲ್ಲಿ ಪರೀಕ್ಷೆ, ಶಾಲೆಯ ಅಂಗಳ ಸಿಗುವುದಿಲ್ಲ, ಮೈಕಿಗೆ ಊರಿನವರೇ ಬೇಡವೆನ್ನುತ್ತಾರೆ. ದವನದ ಹುಣ್ಣಿಮೆಯಿಂದ (ಚೈತ್ರ) ಆಗಿ ಹುಣ್ಣಿಮೆಯವರೆಗೆ (ವೈಶಾಖ) ಮತ್ತೆ ಆಟ ಸಿಗುತ್ತವೆ, ಆದರೆ ಅಡ್ಡಮಳೆಯ ಭಯ. ಆ ಒಂದು ತಿಂಗಳ ಕರಾರಿನಲ್ಲಿ ಮಳೆ ಬಂದರೆ ಯಾರ ನಷ್ಟ ಎಂಬ ಒಂದು ಸಾಲು ಬರೆಸಿಕೊಳ್ಳಿ.

ದಾರಿಯ ಲೆಕ್ಕ ಕಿಲೋಮೀಟರಿನಲ್ಲಿ ಹಾಕಬೇಡಿ, ತಾಸಿನಲ್ಲಿ ಹಾಕಿ. ನವೆಂಬರದಿಂದ ಮಾರ್ಚಿನವರೆಗೆ ಗೋಕಾಕ, ಮುಧೋಳ, ಜಮಖಂಡಿ, ಅಥಣಿ ರಸ್ತೆಗಳ ತುಂಬ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡೆರಡು ಟ್ರೇಲರು, ಎಷ್ಟೋ ಸಲ ಹಿಂದೀಪವೂ ಇಲ್ಲ. ಮಾಮೂಲಿಗಿಂತ ಒಂದು ತಾಸು ಹೆಚ್ಚು ಹಿಡಿಯಿರಿ, ಆಟ ಮುಗಿದ ಕೂಡಲೆ ರಾತ್ರಿಯೇ ಹೊರಡುವ ಹಟ ಬಿಡಿ. ಹನ್ನೆರಡು ಜನರ ಮೇಳ ಒಂದು ಕ್ರೂಸರ್ ಜೀಪಿನಲ್ಲಿ ಕೂಡುತ್ತದೆ: ಪಾತ್ರದವರು ಐವರು (ಗೊಲ್ಲತಿ ಮಾಡಿದವರೇ ಆಮೇಲೆ ರುಕ್ಮಿಣಿಯಾಗಬಹುದು), ಭಾಗವತ, ಪೇಟಿ, ತಬಲಾ, ತಾಳ, ಹಿಮ್ಮೇಳಕ್ಕೆ ಇಬ್ಬರು, ಬಣ್ಣದವರು ಒಬ್ಬರು. ಪೇಟಿಯನ್ನು ಕ್ರೂಸರಿನ ಮೇಲೆ ಕಟ್ಟಬೇಡಿ, ಕಾಲಿನ ಬಳಿ ಇಟ್ಟುಕೊಳ್ಳಿ. ಮೇಲಿನ ಧೂಳು ಒಳಗಿನ ರೀಡಿಗೆ ಹೋಗಿ ಕೂಡುತ್ತದೆ.

ಒಂದು ಆಟ, ಮೂರು ಅಳತೆ

ಮುಂದಿನ ಹಂಗಾಮಿಗೆ ಹೊಸ ಪ್ರಸಂಗ ಕಟ್ಟುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕಿಂತ ಮೊದಲು ಇದ್ದ ಪಾರಿಜಾತವನ್ನೇ ಮೂರು ಅಳತೆಯಲ್ಲಿ ಹೊಲಿದು ಇಟ್ಟುಕೊಳ್ಳಿ: ಊರ ಹಿರಿಯರು ಕೇಳುವ ಪೂರ್ತಿ ಆಟ, ಜಾತ್ರೆ ಕಮಿಟಿ ಕೇಳುವ ಎರಡೂವರೆ ತಾಸಿನ ಆಟ, ಉತ್ಸವಗಳ ವೇದಿಕೆಯಲ್ಲಿ ಕೊಡುವ 45 ನಿಮಿಷದ ತುಣುಕು. ಕಿತ್ತೂರು ಉತ್ಸವದಂಥ ಕಡೆ 45 ನಿಮಿಷ ಅಂದವರು ವೇದಿಕೆ ಹತ್ತುವಾಗ 30 ಅನ್ನುವುದು ಇದ್ದದ್ದೇ, ಅದರಲ್ಲೂ 15 ನಿಮಿಷ ಎಲ್ಲಿ ಬಿಡಬೇಕೆಂದು ಮೊದಲೇ ಗುರುತು ಹಾಕಿರಿ.

ಎರಡೂವರೆ ತಾಸಿನದನ್ನು ಹೀಗೆ ಕತ್ತರಿಸಿದರೆ ಕಥೆ ಕುಂಟುವುದಿಲ್ಲ. ಗಣಪತಿ ಸ್ತುತಿ 8 ನಿಮಿಷ. ಗೊಲ್ಲತಿ-ಕೃಷ್ಣ 25. ಪರದೆ ಹಿಡಿದು ಸತ್ಯಭಾಮೆಯ ಪ್ರವೇಶ, ಭಾಗವತನೊಡನೆ ಸವಾಲು-ಜವಾಬು, ದೂತಿ, ಇದಕ್ಕೆ 40. ನಾರದ ಪಾರಿಜಾತದ ಹೂವು ತರುವುದು, ಅದು ರುಕ್ಮಿಣಿಯ ಮುಡಿಗೆ ಹೋಗುವುದು 25. ಸುದ್ದಿ ಸತ್ಯಭಾಮೆಗೆ ತಿಳಿದು ಮುನಿಸು, ಕೃಷ್ಣನ ರಮಿಸುವಿಕೆ 45. ಮಂಗಳ 7. ಇಷ್ಟಕ್ಕೆ 150 ನಿಮಿಷ ಸಂದಿತು.

ಕತ್ತರಿಸುವಾಗ ಆಗುವ ದೊಡ್ಡ ತಪ್ಪು ಒಂದೇ: ಸಮಯ ಉಳಿಸಲು ಹಿಮ್ಮೇಳದ ತಿರುವನ್ನು ಬಿಡುವುದು. ಪಲ್ಲವಿಯನ್ನು ಹಿಮ್ಮೇಳ ಎತ್ತಿ ಎರಡು ಸಲ ಹಾಡುವುದು ಅಲಂಕಾರಕ್ಕಲ್ಲ, ಆ 12-15 ಸೆಕೆಂಡಿನಲ್ಲೇ ಪಾತ್ರದವರು ಉಸಿರು ತುಂಬಿಕೊಂಡು ಮುಂದಿನ ಚರಣದ ಎತ್ತುಗಡೆಗೆ ಅಣಿಯಾಗುವುದು. ಅದನ್ನು ಕಿತ್ತರೆ ಆಟ ಹತ್ತು ನಿಮಿಷ ಕಡಿಮೆಯಾಗುತ್ತದೆ, ಸತ್ಯಭಾಮೆ ಮುನಿಸಿನ ಪದಕ್ಕೆ ಬರುವಷ್ಟರಲ್ಲಿ ಮೇಲಿನ ಷಡ್ಜ ಮುಟ್ಟಲಾರದೆ ತಡವರಿಸುತ್ತಾಳೆ. ಕತ್ತರಿಸುವುದಾದರೆ ಇಡೀ ಒಂದು ಪದ ಬಿಡಿ, ಇಲ್ಲವೆ ಭಾಗವತನ ಮಾತು ಮೊಟಕು ಮಾಡಿ. ಭಾಗವತರಿಗೆ ಇದು ಸಿಟ್ಟು ಬರಿಸುವ ಸಲಹೆ ಎಂಬುದು ಗೊತ್ತಿದೆ.

"ಒನ್ಸ್ ಮೋರ್" ಬಂದರೆ? ನಮ್ಮ ಕಡೆಯ ಜನ ಕೂಗದೆ ಬಿಡುವುದಿಲ್ಲ. ಕೊನೆಯ ಚರಣ ಮತ್ತು ಪಲ್ಲವಿ ಮಾತ್ರ ಮತ್ತೊಮ್ಮೆ, ಒಂದು ಆಟಕ್ಕೆ ಮೂರು ಸಲ ಸಾಕು. ಯಾವಾಗ ಒಪ್ಪಬೇಕು, ಯಾವಾಗ ಮಾತು ತೇಲಿಸಿ ಮುಂದೆ ಸಾಗಿಸಬೇಕು ಎನ್ನುವುದು ಭಾಗವತನ ಕೈಯಲ್ಲಿರಲಿ, ಹಾಡುವವರ ಕೈಯಲ್ಲಿ ಬೇಡ. ಚಪ್ಪಾಳೆ ಬಿದ್ದಾಗ ಹಾಡುವವರಿಗೆ ತಮ್ಮ ಗಂಟಲಿನ ಅಂದಾಜು ಇರುವುದಿಲ್ಲ.

ಶ್ರುತಿ ಕೂಡಿಸುವುದು

ಕುಲಗೋಡ ತಮ್ಮಣ್ಣ ರಂಗಕ್ಕೆ ಹೊಂದಿಸಿಕೊಟ್ಟ ಆಟದಲ್ಲಿ ಕೌಜಲಗಿ ನಿಂಗಮ್ಮನಂಥ ಹೆಣ್ಣುಮಕ್ಕಳು ಹಾಡಲು ನಿಂತ ಮೇಲೆ ಹೆಣ್ಣುದನಿ, ಗಂಡುದನಿ ಎದುರುಬದುರಾಗುವ ರೂಢಿ ಬೆಳೆಯಿತು. ಅಲ್ಲಿಂದಲೇ ಶ್ರುತಿಯ ಪ್ರಶ್ನೆಯೂ ಹುಟ್ಟಿದ್ದು. ಹೆಣ್ಣುದನಿಗೆ ಕರಿ 4 ಅಥವಾ ಕರಿ 5 (ಪೇಟಿಯ ನಾಲ್ಕನೆಯ, ಐದನೆಯ ಕರಿ ಮಣೆಯನ್ನು ಷಡ್ಜವಾಗಿ ಹಿಡಿದ ಶ್ರುತಿ) ಹಿತ. ಗಂಡುದನಿಗೆ ಕರಿ 1, ಕರಿ 2. ಇಬ್ಬರನ್ನೂ ನಡುವಿನ ಒಂದು ಪಟ್ಟಿಗೆ (ಶ್ರುತಿಗೆ) ಎಳೆದರೆ ಒಬ್ಬರು ಚೀರುತ್ತಾರೆ, ಇನ್ನೊಬ್ಬರು ಗೊಣಗುತ್ತಾರೆ.

ಸುಲಭದ ದಾರಿ ಜೋಡಿ ಹಿಡಿಯುವುದು. ಸತ್ಯಭಾಮೆ ಕರಿ 4, ಕೃಷ್ಣ ಕರಿ 1. ಪೇಟಿಯ ಮೇಲೆ ಎಣಿಸಿ ನೋಡಿ: ಕರಿ 4ರಿಂದ ಬಿಳಿ 6, ಕರಿ 5, ಬಿಳಿ 7, ಮುಂದಿನ ಸಪ್ತಕದ ಬಿಳಿ 1, ಕರಿ 1. ಐದನೆಯ ಮೆಟ್ಟಿಲು, ಅಂದರೆ ಆಕೆಯ ಶುದ್ಧ ಮಧ್ಯಮವೇ ಈತನ ಷಡ್ಜ. ಇದರ ಲಾಭ ತಬಲಾದವನಿಗೆ. ದಾಯಾವನ್ನು (ಬಲಗೈಯ ತಬಲಾ) ಕರಿ 1ಕ್ಕೆ ಒಮ್ಮೆ ಕೂಡಿಸಿದರೆ ಕೃಷ್ಣನ ಪದಕ್ಕೆ ಅದು ಷಡ್ಜ, ಸತ್ಯಭಾಮೆಯ ಪದಕ್ಕೆ ಮಧ್ಯಮ, ಸುತ್ತಿಗೆ ಮುಟ್ಟದೆ ಎರಡೂ ಸಾಗುತ್ತವೆ. ಕರಿ 5ಕ್ಕೆ ಹಾಡುವವರಿಗೆ ಜೋಡಿ ಕರಿ 2, ಬಿಳಿ 5ಕ್ಕೆ ಬಿಳಿ 1.

ಇದು ಕೈ ಕೊಡುವ ಜಾಗ ಒಂದಿದೆ. ಭೂಪದಲ್ಲಿ ಮಧ್ಯಮವೇ ಇಲ್ಲ, ಯಮನ್‌ದಲ್ಲಿ ಇರುವುದು ತೀವ್ರ ಮಧ್ಯಮ. ಸತ್ಯಭಾಮೆಯ ಪದ ಈ ರಾಗಗಳಲ್ಲಿದ್ದರೆ ತಬಲಾದ ಶುದ್ಧ ಮಧ್ಯಮ ಪ್ರತಿ ಪೆಟ್ಟಿಗೂ ಹಾಡಿಗೆ ಚುಚ್ಚುತ್ತದೆ. ಕೇಳುವವರಿಗೆ ಏನು ಕೆಟ್ಟಿತೆಂದು ಹೇಳಲು ಬಾರದಿದ್ದರೂ ಹಾಡು ಬೇಸುರವೆನಿಸುತ್ತದೆ. ಅದಕ್ಕೆ ಎರಡನೆಯ ದಾಯಾ ಬೇಕು, ಕರಿ 4ಕ್ಕೆ ಕೂಡಿಸಿದ್ದು. ಕರಿ 1ರದಕ್ಕೆ ಬಾಯಿ ಸುಮಾರು ಐದೂವರೆ ಇಂಚಿದ್ದರೆ ಕರಿ 4ರದಕ್ಕೆ ಆರು ಕಾಲು ಇಂಚಿನ ಸುತ್ತ ಬೇಕಾಗುತ್ತದೆ. ಇದ್ದ ಒಂದನ್ನೇ ಪದದಿಂದ ಪದಕ್ಕೆ ಏರಿಸಿ ಇಳಿಸುವ ಸಾಹಸ ಬೇಡ. ಅರ್ಧ ಸ್ವರದ ಏರಿಳಿತಕ್ಕೆ ಚರ್ಮ ತಾಳುತ್ತದೆ, ಅದಕ್ಕಿಂತ ಹೆಚ್ಚು ಎಳೆದರೆ ಗಜರೆಯ (ಅಂಚಿನ ಹೆಣೆದ ಚರ್ಮದ ಸುತ್ತು) ಬಳಿ ಹರಿಯುತ್ತದೆ.

ಸತ್ಯಭಾಮೆ-ಕೃಷ್ಣ ಇಬ್ಬರೂ ಸಾಲು ಸಾಲಾಗಿ ಹಂಚಿಕೊಂಡು ಹಾಡುವ ಸವಾಲು-ಜವಾಬಿನ ಪದದಲ್ಲಿ ಶ್ರುತಿ ಬದಲಿಸಲು ಬರುವುದಿಲ್ಲ. ಅಲ್ಲಿ ಕರಿ 4ನ್ನೇ ಹಿಡಿದು ಕೃಷ್ಣ ಒಂದು ಸಪ್ತಕ ಕೆಳಗಿನಿಂದ ಹಾಡಲಿ. ಷಡ್ಜದ ಸುತ್ತ ಸುತ್ತುವ ಸಾಲುಗಳು ಆತನ ದನಿಯಲ್ಲಿ ಹೂತುಹೋಗುತ್ತವೆ, ಆದ್ದರಿಂದ ತಾಲೀಮಿನಲ್ಲೇ ಅವನ ಸಾಲುಗಳ ಎತ್ತುಗಡೆಯನ್ನು ಪಂಚಮದಿಂದ ಇಟ್ಟುಕೊಳ್ಳಿ.

ಈಗ ಇಬ್ಬನಿಯ ಮಾತು. ಜನವರಿಯ ರಾತ್ರಿ ಎಂಟಕ್ಕೆ ಬಣ್ಣದ ಮನೆಯಲ್ಲಿ ಕೂಡಿಸಿದ ತಬಲಾ ಬಯಲಿನಲ್ಲಿ ಎರಡು-ಮೂರು ತಾಸು ಕಳೆಯುವುದರೊಳಗೆ ಕಾಲು ಸ್ವರದಿಂದ ಅರ್ಧ ಸ್ವರ ಇಳಿದಿರುತ್ತದೆ. ಚರ್ಮ ತೇವ ಹೀರಿ ಸಡಿಲಾಗುತ್ತದೆ, ಪೇಟಿಯ ಹಿತ್ತಾಳೆ ರೀಡು ಇದ್ದಲ್ಲೇ ಇರುತ್ತದೆ. ಹಾಡುವವರು ಗೊತ್ತಿಲ್ಲದೆ ಒಮ್ಮೆ ಪೇಟಿಯ ಕಡೆ, ಒಮ್ಮೆ ತಬಲಾದ ಕಡೆ ವಾಲುತ್ತಾರೆ. ಮೊದಲ ಪರೀಕ್ಷೆ ಗೊಲ್ಲತಿಯ ಭಾಗ ಮುಗಿದು ಭಾಗವತ ಮಾತಿಗೆ ನಿಂತಾಗ. ದಾಯಾವನ್ನು ಮಡಿಲಿಗೆ ಓರೆಯಾಗಿ ಎಳೆದುಕೊಂಡು, ಪೇಟಿ ಮಾಸ್ತರ ಕರಿ 1 ಹಿಡಿದಿರುವಾಗ ಅಂಚಿನ ಸುತ್ತ ಒಂದೊಂದೇ ಜಾಗ ಬೆರಳಿನಿಂದ ತಟ್ಟಿ ನೋಡಿ. ಒಂದೆರಡು ಜಾಗ ಮಾತ್ರ ಇಳಿದಿದ್ದರೆ ಅಲ್ಲಿ ಗಜರೆಗೆ ಮೇಲಿನಿಂದ ಸುತ್ತಿಗೆಯ ಒಂದು ಹಗುರ ಪೆಟ್ಟು, ಆಮೇಲೆ ಅದರ ಎದುರಿನ ಜಾಗಕ್ಕೆ ಒಂದು. ಸುತ್ತಲೂ ಇಳಿದಿದ್ದರೆ ಗಜರೆಗೆ ಹೊಡೆಯುವುದು ವ್ಯರ್ಥ, ಎಂಟೂ ಗಟ್ಟಾಗಳನ್ನು (ಬಾರಿನಡಿಯ ಮರದ ತುಂಡುಗಳನ್ನು) ಒಂದೊಂದು ಪೆಟ್ಟಿನಂತೆ ಸಮನಾಗಿ ಕೆಳಗಿಳಿಸಿ. ಒಂದು ಗಟ್ಟಾ ಮಾತ್ರ ಜೋರಾಗಿ ಇಳಿಸಿದರೆ ಆ ಬದಿ ಏರಿ ಉಳಿದದ್ದು ಹಾಗೇ ಉಳಿದು ತಬಲಾ ಎರಡು ನಾಲಿಗೆಯದಾಗುತ್ತದೆ. ಬಾರಿಸದಿದ್ದಾಗ ಮೇಲೆ ದಪ್ಪ ಕಂಬಳಿಯ ತುಂಡು ಹೊದಿಸಿ. ಹಳೆಯ 100 ವ್ಯಾಟಿನ ಗುಂಡು ಬಲ್ಬು ಇದ್ದರೆ ಒಂದು ಗೇಣು ದೂರದಲ್ಲಿ ಎರಡು ನಿಮಿಷ ಕಾಯಿಸಬಹುದು, ಹತ್ತಿರ ಹಿಡಿದರೆ ನಡುವಿನ ಕರಿ ಶಾಯಿ ಬಿರಿಯುತ್ತದೆ.

ಪೇಟಿಯ ವಿಷಯ ಚಿಕ್ಕದು. ಮಣೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೇಟಿ ಊರೂರು ತಿರುಗುವ ಮೇಳಕ್ಕೆ ತಕ್ಕದ್ದಲ್ಲ. ಭಾರ ಹೆಚ್ಚು, ಕೆಟ್ಟ ರಸ್ತೆಯಲ್ಲಿ ಅದರ ಜಾರುವ ಪಟ್ಟಿ ಸಡಿಲಾಗುತ್ತದೆ. ಯಾವ ಪಟ್ಟಿಯಿಂದಲೂ ನುಡಿಸಬಲ್ಲ ಮಾಸ್ತರ, ಸಾದಾ ಪೇಟಿ, ಇವೆರಡೇ ಸಾಕು. ಮುಟ್ಟದೆಯೇ ಒಂದು ಸ್ವರ ಕೂಗುತ್ತಿದ್ದರೆ ಮಣೆ ತೇವಕ್ಕೆ ಉಬ್ಬಿ ಪೂರ್ತಿ ಮೇಲೇಳುತ್ತಿಲ್ಲ ಎಂದರ್ಥ. ಸ್ವರ ಏಳದೇ ಉಸ್ಸೆಂದರೆ ರೀಡಿನಲ್ಲಿ ಧೂಳು ಸಿಕ್ಕಿದೆ. ತೆಳುವಾದ ಕಾಗದದ ಚೂರನ್ನು ರೀಡಿನ ಕೆಳಗೆ ಒಮ್ಮೆ ಸರಿಸಿದರೆ ಹೋಗುತ್ತದೆ. ರೀಡನ್ನು ಚಾಕುವಿನಿಂದ ಕೆರೆಯಬೇಡಿ, ಶ್ರುತಿಯೇ ಬದಲಾಗುತ್ತದೆ.

ಅಟ್ಟ, ಮೈಕು, ಹೊತ್ತು

2000ದ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ-ಉತ್ಸವಕ್ಕೆಂದು ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು, ನಿಮ್ಮ ಆಟದ ದಿನ ಅದರಲ್ಲಿದೆಯೋ ಇಲ್ಲವೋ ಠಾಣೆಯಲ್ಲಿ ಕೇಳಿಯೇ ತಾರೀಖು ಒಪ್ಪಿ. ಎರಡೂವರೆ ತಾಸಿನ ಆಟವನ್ನು ಏಳೂಕಾಲಿಗೆ ಎತ್ತಿದರೆ ಹತ್ತರೊಳಗೆ ಮಂಗಳ. ಊಟ ಮಾಡಿ ಬರುತ್ತೇವೆ ಎನ್ನುವ ಊರಿಗೆ ಇದನ್ನು ಕರಾರಿನಲ್ಲೇ ತಿಳಿಸಿ. ಬೆಳಗಿನವರೆಗೆ ಆಟ ಬೇಕೇ ಬೇಕು ಅಂದರೆ ಹತ್ತಕ್ಕೆ ಮೈಕು ತೆಗೆದು ಬರಿದನಿಯಲ್ಲಿ ಹಾಡಬೇಕಾಗುತ್ತದೆ. ಅದಕ್ಕೆ ಗುಡಿಯ ಗೋಡೆ ಬೆನ್ನಿಗಿರುವ ಕಟ್ಟೆ, ಹತ್ತಿರ ಹತ್ತಿರ ಕೂತ ಇನ್ನೂರು ಜನ, ಇಷ್ಟು ಮಿತಿ. ಹಳಬರು ಇಡೀ ರಾತ್ರಿ ಹಾಡಿದ್ದು ಇಂಥ ಜಾಗದಲ್ಲಿ, ಹತ್ತು ಗುಂಟೆ ಬಯಲಿನಲ್ಲಲ್ಲ.

ಅಟ್ಟ (ಆಟದ ವೇದಿಕೆ) 20 ಅಡಿ ಉದ್ದ, 16 ಅಡಿ ಅಗಲ, 3 ಅಡಿ ಎತ್ತರ ಇದ್ದರೆ ಚೆನ್ನ. ಹಳ್ಳಿಯಲ್ಲಿ ಎರಡು ಟ್ರ್ಯಾಕ್ಟರ್ ಟ್ರೇಲರು ಜೋಡಿಸಿ ಕೊಡುವುದೇ ಹೆಚ್ಚು. ಕೊಡಲಿ, ಆದರೆ ಗಾಲಿಗೆ ಕಲ್ಲು ಇಡಿಸಿ, ನಡುವಿನ ಸಂದಿಗೆ ಹಲಗೆ ಹಾಕಿಸಿ, ಮೇಲೆ ದಪ್ಪ ಜಮಖಾನ ಹಾಸಿ. ಹಿಮ್ಮೇಳವನ್ನು ಮಾತ್ರ ಟ್ರೇಲರಿನ ಮೇಲೆ ಕೂಡಿಸಬೇಡಿ. ಪಾತ್ರದವರು ಗೆಜ್ಜೆ ಕಾಲು ಊರಿದಂತೆಲ್ಲ ತಗಡು ಢಬಢಬ ಎನ್ನುತ್ತದೆ, ಪೇಟಿಯ ಮೈಕು ಅದನ್ನೇ ಎತ್ತಿ ಊರಿಗೆಲ್ಲ ಕೇಳಿಸುತ್ತದೆ. ಪಕ್ಕದಲ್ಲಿ ನೆಲಕ್ಕೆ ಊರಿದ ಮಂಚ ಹಾಕಿಸಿ.

ಮೈಕು ನಾಲ್ಕು ಸಾಕು: ಮುಂದೆ ಎರಡು, ಪೇಟಿಗೆ ಒಂದಡಿ ದೂರದಲ್ಲಿ ಒಂದು, ತಬಲಾ-ಡಗ್ಗಾದ ನಡುವೆ ಮೇಲಿನಿಂದ ಒಂದು. ಸ್ಪೀಕರು ಮೈಕಿಗಿಂತ ಮುಂದೆ ಇರಬೇಕು, ಜನರ ಕಡೆ ಮುಖ. ಹಿಂದೆ ಇಟ್ಟರೆ ಸೀಟಿ ಹೊಡೆಯುತ್ತದೆ, ಮೈಕಿನವ ಸೀಟಿ ನಿಲ್ಲಿಸಲು ದನಿ ಇಳಿಸುತ್ತಾನೆ, ಹಾಡುವವರು ಕೇಳಿಸಲೆಂದು ಚೀರುತ್ತಾರೆ. ಅರ್ಧಕ್ಕರ್ಧ ಗಂಟಲು ಕೆಡುವುದು ಚಳಿಗಲ್ಲ, ತಮ್ಮ ದನಿ ತಮಗೇ ಕೇಳದ್ದಕ್ಕೆ. ಒಂದು ಚಿಕ್ಕ ಸ್ಪೀಕರನ್ನು ಹಾಡುವವರ ಕಡೆ ತಿರುಗಿಸಿ ಇಡಲು ಹೇಳಿ. ಎಕೋ ಎಷ್ಟು ಹಾಕಲಿ ಎಂದು ಕೇಳಿದರೆ ಬೇಡವೇ ಬೇಡ ಅನ್ನಿ, ಪದದ ಸಾಹಿತ್ಯ ಕಲಸುತ್ತದೆ.

ಬಣ್ಣದ ಪೆಟ್ಟಿಗೆಯಲ್ಲಿ ಹಳೆಯ ಅರದಾಳ, ಇಂಗಳೀಕ ಉಳಿದಿದ್ದರೆ ಎಸೆಯಿರಿ. ಹಳದಿಯ ಅರದಾಳದಲ್ಲಿ ಇರುವುದು ಪಾಷಾಣ (ಆರ್ಸೆನಿಕ್), ಕೆಂಪಿನ ಇಂಗಳೀಕದಲ್ಲಿ ಪಾದರಸ. ಸತ್ಯಭಾಮೆಗೆ ಬಣ್ಣ, ಸೀರೆ, ಒಡವೆ ಸೇರಿ ಒಂದೂವರೆ ತಾಸು, ಕೃಷ್ಣನಿಗೆ ಒಂದು. ಬಣ್ಣದ ಹೊತ್ತಿನಲ್ಲಿ ಮಾತು ಕಡಿಮೆ, ಮಿರ್ಚಿ ಭಜಿ ಇಲ್ಲವೇ ಇಲ್ಲ. ಊಟ ಆಟಕ್ಕೆ ಮೂರು ತಾಸು ಮೊದಲು, ನಡುವೆ ಬೇಕಿದ್ದರೆ ಬಿಸಿನೀರು.

ರೊಕ್ಕ

ವೀಳ್ಯ ಕೊಟ್ಟ ದಿನವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ತಾರೀಖು, ಎತ್ತುವ ಹೊತ್ತು, ಯಾವ ಅಳತೆಯ ಆಟ, ಅಟ್ಟ-ಮೈಕು-ಬೆಳಕು ಯಾರದು, ಊಟ-ವಸತಿ, ಒಟ್ಟು ರೊಕ್ಕ, ಇಸಾರ (ಮುಂಗಡ) ಎಷ್ಟು, ಉಳಿದದ್ದು ಯಾವಾಗ. ಇಸಾರ ಕಡಿಮೆಯೆಂದರೆ ಕ್ರೂಸರಿನ ಬಾಡಿಗೆಯಷ್ಟಾದರೂ ಇರಲಿ. ಉಳಿದದ್ದನ್ನು ಮಂಗಳಕ್ಕೆ ಮೊದಲು ಪಡೆಯಿರಿ. ಮಂಗಳವಾದ ಮೇಲೆ ಕಮಿಟಿಯವರನ್ನು ಹುಡುಕುವುದು ಕಷ್ಟ.

ಹಂಚಿಕೆ ಪಾಲಿನ ಲೆಕ್ಕದಲ್ಲಿರಲಿ. ಮೊದಲು ಗಾಡಿ, ಬಣ್ಣ, ವಾದ್ಯದ ದುರಸ್ತಿ ತೆಗೆದಿಟ್ಟು, ಉಳಿದದ್ದನ್ನು ಸತ್ಯಭಾಮೆ, ಕೃಷ್ಣ, ಭಾಗವತ, ಪೇಟಿ, ತಬಲಾಕ್ಕೆ ತಲಾ ಎರಡು ಪಾಲು, ಮಿಕ್ಕವರಿಗೆ ತಲಾ ಒಂದೂವರೆ ಎಂದು ಹಂಚಿದರೆ ಜಗಳ ಕಡಿಮೆ. ತಬಲಾದವನಿಗೆ ಒಂದೇ ಪಾಲು ಕೊಡುವ ಮೇಳಗಳಲ್ಲಿ ಪ್ರತಿ ಹಂಗಾಮಿಗೂ ತಬಲಾದವ ಬದಲಾಗುತ್ತಾನೆ. ಆಯೇರಿಯ (ಜನ ಮೆಚ್ಚಿ ಕೊಡುವ ಕಾಣಿಕೆ) ರೊಕ್ಕ ಬೇರೆ ಚೀಲದಲ್ಲಿ. ಹಾಡಿನ ನಡುವೆ ಆಯೇರಿ ಕೂಗಿದರೆ ಪದ ಹರಿದುಹೋಗುತ್ತದೆ, ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಭಾಗ ಬದಲಾಗುವಾಗ ಭಾಗವತ ಒಟ್ಟಿಗೆ ಓದಲಿ. ಕೊಟ್ಟವರಿಗೆ ತಮ್ಮ ಹೆಸರು ಸ್ಪಷ್ಟವಾಗಿ ಕೇಳಿದರೆ ಸಾಕು.

ಸರ್ಕಾರದ ಕಾರ್ಯಕ್ರಮ ಬೇಕೆಂದರೆ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಗೆ ಮಳೆಗಾಲದಲ್ಲೇ ಹೋಗಿ ಬನ್ನಿ. ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲೇ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ಮೇಳದ ನೋಂದಣಿ ಪತ್ರ, ಮೇಳದ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಕಲಾವಿದರ ಪಟ್ಟಿ, ಹಿಂದಿನ ಆಟಗಳ ಫೋಟೊ, ಕರಪತ್ರ ಒಂದು ಕಡತದಲ್ಲಿ ಇರಲಿ. ಹಣ ಬರುವುದು ಖಾತೆಗೆ, ಅದೂ ಆಟವಾದ ಎಷ್ಟೋ ದಿನಕ್ಕೆ. ಆ ರೊಕ್ಕ ನಂಬಿ ಮರುದಿನದ ಗಾಡಿ ಹೇಳಬೇಡಿ.

ಕಾರಹುಣ್ಣಿಮೆಯ (ಜ್ಯೇಷ್ಠ) ಹೊತ್ತಿಗೆ ಮಳೆ ಹಿಡಿದರೆ ಹಂಗಾಮು ಮುಗಿಯಿತು. ತಬಲಾದ ಗಟ್ಟಾಗಳನ್ನು ತುಸು ಮೇಲೆತ್ತಿ ಚರ್ಮ ಸಡಿಲಿಸಿ, ಒಣಬಟ್ಟೆ ಸುತ್ತಿ ನೆಲಕ್ಕೆ ತಾಗದಂತೆ ಇಡಿ. ಪೇಟಿಯ ತಿದಿಯೊಳಗೆ ನುಸಿ ಗುಳಿಗೆ ಹಾಕಬೇಡಿ, ಪೆಟ್ಟಿಗೆಯ ಮೂಲೆಯಲ್ಲಿ ಹಾಕಿ, ಹದಿನೈದು ದಿನಕ್ಕೊಮ್ಮೆ ತೆಗೆದು ಹತ್ತು ನಿಮಿಷ ನುಡಿಸಿ. ಡೈರಿಯ ಕೊನೆಯ ಹಾಳೆಯಲ್ಲಿ ಯಾವ ಊರಿನಲ್ಲಿ ಮೈಕು ಕೆಟ್ಟಿತ್ತು, ಎಲ್ಲಿ ಅಟ್ಟ ಅಲುಗಿತು, ಎಲ್ಲಿ ಬಾಕಿ ಉಳಿದಿದೆ ಎಂದು ಬರೆದು, ತಾಲೀಮು ಶುರುವಾಗುವ ದಿನವನ್ನು ಸತ್ಯಭಾಮೆಯನ್ನು ಕೇಳಿ ಗೊತ್ತು ಮಾಡಿ.